ಕಾಪಿಟ್ಟ ಶಕ್ತಿ: ಸರ್ ಎಂ. ವಿಶ್ವೇಶ್ವರಯ್ಯನವರು

ಇರುವುದನ್ನು ಬಳಸುವುದಕ್ಕೆ ಹೆಚ್ಚಿನ ಜಾಣತನ ಬೇಕಿಲ್ಲ. ಇಲ್ಲದ ಕಾಲಕ್ಕೆಂದು ಕಾಪಿಡುವುದಕ್ಕೆ ಜಾಣತನ ಬೇಕು. ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆ ಉಳಿಸಿದರು. ಮಳೆಯ ನೀರನ್ನು ಕೆರೆಯಲ್ಲಿ ಕಟ್ಟಿ ಬೇಸಗೆಗೆ ಇಟ್ಟುಕೊಂಡರು. ನಮ್ಮ ಕಾಲದಲ್ಲಿ ಹೀಗೆ ಕಾಪಿಡಬೇಕಾದ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ವಿದ್ಯುಚ್ಛಕ್ತಿ. ನಾಸಿಕದ ಸಾತಪುರ, ಅಂಬಡಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾಗಳಲ್ಲಾಗಲಿ, ಕಾರ್ಖಾನೆಯ ಲೆಕ್ಕಪತ್ರವೆಲ್ಲ ಇಂದು ಕಂಪ್ಯೂಟರಿನಲ್ಲಿದೆ. ವಿದ್ಯುತ್ತು ಒಂದು ಕ್ಷಣ ತಪ್ಪಿದರೆ ಬೆಳಗಿನಿಂದ ಬರೆದ ಲೆಕ್ಕ ಅಳಿಸಿಹೋಗುತ್ತದೆ. 2005ರ ಸುಮಾರಿನಿಂದ ಕೆಲವು ವರ್ಷ ಮಹಾರಾಷ್ಟ್ರದ ಊರುಗಳು ದಿನದಲ್ಲಿ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗನ್ನು ಅನುಭವಿಸಿದವು. ಆ ಕಷ್ಟವನ್ನು ಕಂಡವರಿಗೆ ಮೀಸಲು ಶಕ್ತಿಯ ಬೆಲೆ ತಿಳಿದಿದೆ.

ಆದರೆ ಮೀಸಲು ಶಕ್ತಿಯನ್ನು ಆರಿಸಿಕೊಳ್ಳುವುದು ಹೇಗೆ? ಎಷ್ಟಿರಬೇಕು? ಯಾವುದಕ್ಕೆ ಇರಬೇಕು? ಇವು ಅಂಗಡಿಯವನನ್ನು ಕೇಳಿ ಮುಗಿಸುವ ಪ್ರಶ್ನೆಗಳಲ್ಲ. ಕನ್ನಡ ನಾಡಿನಲ್ಲಿ ಇದೇ ಪ್ರಶ್ನೆಗಳನ್ನು ನೂರು ವರ್ಷಗಳ ಹಿಂದೆ ಒಂದು ಸಂಸ್ಥಾನದ ಮಟ್ಟದಲ್ಲಿ ಎದುರಿಸಿ ಉತ್ತರ ಕಂಡುಕೊಂಡ ಮಹನೀಯರೊಬ್ಬರಿದ್ದರು. ಅವರ ಉದ್ಯೋಗಜೀವನ ಆರಂಭವಾದುದು ಗೋದಾವರಿಯ ದಡದ ನಾಸಿಕದಲ್ಲಿಯೇ. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಹೆಸರನ್ನು ಅರಿಯದ ಕನ್ನಡ ಬಾಲಕರಿಲ್ಲ. ಆದರೂ ಅವರ ಬಾಳನ್ನು ಈ ಒಂದು ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ನಮಗೆ ಉಪಯುಕ್ತವೆಂದು ಭಾವಿಸುತ್ತೇವೆ.

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಅವರು ಹುಟ್ಟಿದ ಸೆಪ್ಟೆಂಬರ್ 15ನೆಯ ದಿನವನ್ನು ಇಂದು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಮನೆಯಲ್ಲಿ ವಿದ್ಯೆಗೆ ಬಡತನವಿರಲಿಲ್ಲ, ಹಣಕ್ಕೆ ಇತ್ತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಚಿಕ್ಕಬಳ್ಳಾಪುರದ ಶಾಲೆಯನ್ನು ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದನು. ಸೋದರಮಾವನ ಆಸರೆ ದೊರೆಯಿತು. ಉಳಿದ ಖರ್ಚಿಗೆ ಮಕ್ಕಳಿಗೆ ಮನೆಪಾಠ ಹೇಳಿದನು. ತಾನು ಓದುತ್ತ ಪರರಿಗೆ ಓದಿಸುತ್ತ 1881ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದನು.

ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಇಂಜಿನಿಯರಿಂಗ್ ವಿದ್ಯೆಗಾಗಿ ಪುಣೆಯ ಕಾಲೇಜಿಗೆ ಹೋದರು. ಊರು ಹೊಸದು, ಸುತ್ತಲಿನ ಮಾತು ಮರಾಠಿ. ಹುಟ್ಟಿದ ನಾಡನ್ನು ಬಿಟ್ಟು ಈ ಕಡೆಗೆ ಬಂದ ಮನೆಗಳ ಮಕ್ಕಳಾದ ನಿಮಗೆ ಆ ತರುಣನ ಮನಸ್ಸು ಸುಲಭವಾಗಿ ಅರ್ಥವಾದೀತು. ಅವರು ಹೊಸ ಊರನ್ನು ದೂರಲಿಲ್ಲ. ಅಲ್ಲಿ ಕಲಿಯಬಹುದಾದುದನ್ನೆಲ್ಲ ಕಲಿತರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ನಿಂತರು. ಮುಂಬಯಿ ಸರ್ಕಾರವು ಅವರನ್ನು ಲೋಕೋಪಯೋಗಿ ಇಲಾಖೆಗೆ ಸೇರಿಸಿಕೊಂಡು, 1884ರಲ್ಲಿ ನಾಸಿಕದಲ್ಲಿ ಸಹಾಯಕ ಇಂಜಿನಿಯರನ್ನಾಗಿ ನೇಮಿಸಿತು.

ಕವಿರಾಜಮಾರ್ಗವು ಕನ್ನಡ ನಾಡಿಗೆ ಎಲ್ಲೆಗಳೆಂದು ಎಣಿಸಿದ ನದಿಗಳು ಎರಡು: ತೆಂಕಣದಲ್ಲಿ ಕಾವೇರಿ, ಬಡಗಣದಲ್ಲಿ ಗೋದಾವರಿ. ಗೋದಾವರಿಯ ಸೀಮೆಯಲ್ಲಿ ಕೆಲಸವನ್ನು ಆರಂಭಿಸಿದ ವಿಶ್ವೇಶ್ವರಯ್ಯನವರು ತಮ್ಮ ಅತಿದೊಡ್ಡ ಕೆಲಸವನ್ನು ಕಾವೇರಿಯಲ್ಲಿ ಮಾಡಿದರು. ಈ ಎರಡರ ನಡುವೆ ಇಪ್ಪತ್ತೇಳು ವರ್ಷಗಳ ಅಭ್ಯಾಸ ಅವರಿಗೆ ಬೇಕಾಯಿತು.

ನಾಸಿಕದಿಂದ ಅವರನ್ನು ಬೇಗನೆ ಉತ್ತರದ ಖಾನದೇಶಕ್ಕೆ, ಧುಳೆಯ ಕಡೆಗೆ ಕಳುಹಿಸಲಾಯಿತು. ಅಲ್ಲಿ ದಾತರ್ತಿ ಎಂಬ ಹಳ್ಳಿಯ ಬಳಿ ಹೊಳೆಯನ್ನು ದಾಟಿಸಿ ನೀರನ್ನು ಒಯ್ಯುವ ಕೊಳವೆಯನ್ನು ಹಾಕಬೇಕಾಗಿತ್ತು. ಕೊಳವೆಯು ಹೊಳೆಯ ತಳದ ಕೆಳಗೆ ಇಳಿದು, ಆಚೆಯ ದಡದಲ್ಲಿ ಮತ್ತೆ ಮೇಲಕ್ಕೆ ಏರುವುದು. ಈಚೆಯ ನೀರಿನ ಮಟ್ಟ ಎತ್ತರದಲ್ಲಿದ್ದರೆ ಅದರ ಒತ್ತಡದಿಂದಲೇ ಆಚೆಯ ನೀರು ಮೇಲೇರುತ್ತದೆ, ಯಂತ್ರ ಬೇಕಿಲ್ಲ. ಛತ್ರಪತಿ ಸಂಭಾಜಿನಗರದ ಪನಚಕ್ಕಿಯನ್ನು ನೋಡಿದವರಿಗೆ ಈ ತತ್ತ್ವ ಹೊಸದಲ್ಲ. ದೂರದ ಗುಡ್ಡದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು ಬಂದು, ಗೋಡೆಯ ಎತ್ತರಕ್ಕೆ ಏರಿ, ಅಲ್ಲಿಂದ ಬಿದ್ದು ಅಲ್ಲಿನ ಬೀಸುವ ಕಲ್ಲನ್ನು ತಿರುಗಿಸುತ್ತಿತ್ತು. ಎತ್ತರದಲ್ಲಿರುವ ನೀರು ಕಾಪಿಟ್ಟ ಶಕ್ತಿಯೇ ಸರಿ. ದಾತರ್ತಿಯಲ್ಲಿ ಮಳೆಗಾಲದ ಪ್ರವಾಹವೂ ಮರಳೂ ಕೆಲಸಕ್ಕೆ ಅಡ್ಡಿಯಾದವು. ಆದರೂ ತರುಣ ಇಂಜಿನಿಯರು ಅದನ್ನು ಪೂರೈಸಿ ಮೇಲಧಿಕಾರಿಗಳ ಮೆಚ್ಚುಗೆಯನ್ನು ಪಡೆದರು.

ಪುಣೆಯಲ್ಲಿದ್ದಾಗ ಅವರ ಬುದ್ಧಿಗೆ ಇನ್ನೂ ಕಠಿಣವಾದ ಪರೀಕ್ಷೆ ಒದಗಿತು. ಖಡಕವಾಸಲೆಯ ಜಲಾಶಯದಿಂದ ಮಳೆಗಾಲದಲ್ಲಿ ನೀರು ಕೋಡಿ ಬಿದ್ದು ಹರಿದುಹೋಗುತ್ತಿತ್ತು. ಬೇಸಗೆಯಲ್ಲಿ ಅದೇ ನೀರಿಗೆ ಜನ ಬಾಯಿ ಬಿಡುತ್ತಿದ್ದರು. ಕಟ್ಟೆಯನ್ನು ಎತ್ತರಿಸಲು ಹೆಚ್ಚು ಹಣ ಬೇಕು. ಕೋಡಿಗೆ ಬಾಗಿಲನ್ನಿಟ್ಟು ಮುಚ್ಚೋಣವೆಂದರೆ, ನಡುರಾತ್ರಿ ಪ್ರವಾಹ ಬಂದಾಗ ಬಾಗಿಲನ್ನು ತೆರೆಯುವವರು ಯಾರು? ಕಾವಲುಗಾರನು ಒಂದು ಗಳಿಗೆ ನಿದ್ರೆ ಹೋದರೆ ಕಟ್ಟೆಯೇ ಒಡೆದೀತು. ವಿಶ್ವೇಶ್ವರಯ್ಯನವರು ತಾವೇ ತೆರೆದುಕೊಂಡು ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತೆರೆಯುತ್ತವೆ, ಇಳಿದೊಡನೆ ಮುಚ್ಚುತ್ತವೆ. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟವನ್ನು ಸುಮಾರು 8 ಅಡಿ ಹೆಚ್ಚಿಸಿದಂತಾಯಿತು. ಕಾಪಿಟ್ಟದ್ದು ಮನುಷ್ಯನ ಎಚ್ಚರವನ್ನು ಕಾಯದೆ ತಾನಾಗಿ ಕೆಲಸಕ್ಕೆ ಒದಗಬೇಕೆಂಬುದು ಈ ಬಾಗಿಲುಗಳ ಪಾಠ.

ಮುಂಬಯಿ ಸರ್ಕಾರದ ಸೇವೆಯನ್ನು ಬಿಟ್ಟ ತರುವಾಯ ಹೈದರಾಬಾದಿನಿಂದ ಕರೆ ಬಂದಿತು. ಇಂದಿನ ಛತ್ರಪತಿ ಸಂಭಾಜಿನಗರವು ಆಗ ಔರಂಗಾಬಾದೆಂಬ ಹೆಸರಿನಿಂದ ಆ ನಿಜಾಮರ ಸಂಸ್ಥಾನಕ್ಕೇ ಸೇರಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದು ನಗರವನ್ನು ನುಗ್ಗಿ, ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಗಿತ್ತು. ವಿಶ್ವೇಶ್ವರಯ್ಯನವರು ಪರೀಕ್ಷಿಸಿ ನೋಡಿ, ನಗರಕ್ಕೆ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಯಬೇಕೆಂದು ಸಲಹೆಯಿತ್ತರು. ಮುಂದೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಕೊರತೆಯಿಂದ ಕಾಯುವಂತೆ ಅತಿಯಿಂದಲೂ ಕಾಯಬೇಕೆಂಬುದನ್ನು ಈ ಕೆಲಸ ತೋರಿಸಿತು.

1909ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಮುಖ್ಯ ಇಂಜಿನಿಯರಾಗಿ ಬಂದರು. ಅವರ ಬಾಳಿನ ದೊಡ್ಡ ಸಾಹಸಕ್ಕೆ ರಂಗ ಸಿದ್ಧವಾಗಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಉತ್ಪಾದಿಸಿದ ವಿದ್ಯುತ್ತು 1902ರಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದುದು ಆ ಕಾಲಕ್ಕೆ ಲೋಕವೇ ಬೆರಗಾಗುವ ಸಂಗತಿ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂದಿತು. ಆದರೆ ಒಂದು ಕೊರತೆ ಉಳಿದಿತ್ತು. ಮಳೆಗಾಲದಲ್ಲಿ ಕಾವೇರಿ ಭೋರ್ಗರೆದು ಹರಿಯುತ್ತಿದ್ದಳು. ಬೇಸಗೆಯಲ್ಲಿ ಸೊರಗಿ ಕಿರುತೊರೆಯಾಗುತ್ತಿದ್ದಳು. ವರ್ಷದ ಒಟ್ಟು ನೀರನ್ನು ಲೆಕ್ಕ ಹಾಕಿದರೆ ಬೇಕಾದಷ್ಟಿತ್ತು. ಆದರೆ ಗಣಿಯ ಯಂತ್ರಗಳು ವರ್ಷದ ಸರಾಸರಿಯಿಂದ ತಿರುಗುವುದಿಲ್ಲ. ಆಯಾ ದಿನದ ನೀರಿನಿಂದ ತಿರುಗುತ್ತವೆ. ಗಣಿಯವರು ಹೆಚ್ಚು ಶಕ್ತಿಯನ್ನು ಕೇಳುತ್ತಿದ್ದರು; ಸಂಸ್ಥಾನಕ್ಕೆ ಅದರಿಂದ ಒಳ್ಳೆಯ ಆದಾಯವಿತ್ತು. ಕೊಟ್ಟ ಮಾತಿಗೆ ತಪ್ಪಿ ಬೇಸಗೆಯಲ್ಲಿ ಶಕ್ತಿ ನಿಂತರೆ ಆದಾಯವೂ ಹೋಗುವುದು, ನಂಬಿಕೆಯೂ ಹೋಗುವುದು.

ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟನ್ನು ಕಟ್ಟಿ, ಮಳೆಗಾಲದ ನೀರನ್ನು ಹಿಡಿದಿಟ್ಟು, ಬೇಸಗೆಯಲ್ಲಿ ಶಿವನಸಮುದ್ರಕ್ಕೆ ಅಳೆದು ಬಿಡುವ ಯೋಜನೆಯನ್ನು ಮುಂದಿಟ್ಟರು. ಅದೇ ನೀರು ಮಂಡ್ಯದ ಒಣಭೂಮಿಗೂ ಹರಿಯಬೇಕೆಂಬುದು ಅವರ ಎಣಿಕೆ. ಇಷ್ಟು ದೊಡ್ಡ ವೆಚ್ಚವನ್ನು ಸಂಸ್ಥಾನ ಹೊರಬಲ್ಲುದೇ ಎಂದು ಹಣಕಾಸಿನವರು ಹಿಂಜರಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1911ರಲ್ಲಿ ಒಪ್ಪಿಗೆಯಿತ್ತರು. ಕೆಳಗಿನ ಮದ್ರಾಸು ಸರ್ಕಾರವು ತನ್ನ ನೀರಿಗೆ ಕೊರತೆಯಾದೀತೆಂದು ಆಕ್ಷೇಪಿಸಿದ್ದರಿಂದ, ಮೊದಲು 80 ಅಡಿ ಎತ್ತರಕ್ಕೆ ಮಾತ್ರ ಅನುಮತಿ ದೊರೆಯಿತು. ಆಗ ವಿಶ್ವೇಶ್ವರಯ್ಯನವರು ಮಾಡಿದ ಒಂದು ಕೆಲಸವನ್ನು ನಾವು ವಿಶೇಷವಾಗಿ ಗಮನಿಸಬೇಕು. ಕಟ್ಟೆಯನ್ನು 80 ಅಡಿಗೆ ನಿಲ್ಲಿಸಬೇಕಾಗಿದ್ದರೂ ತಳಪಾಯವನ್ನು ಅದಕ್ಕಿಂತ ಬಹಳ ಎತ್ತರದ ಕಟ್ಟೆಗೆ ಸಾಲುವಂತೆ ಅಗಲವಾಗಿ ಹಾಕಿಸಿದರು. ಮುಂದೆ 1924ರ ಒಪ್ಪಂದದಿಂದ ತಂಟೆ ತೀರಿತು. ಕಟ್ಟೆ ಅದೇ ತಳಪಾಯದ ಮೇಲೆ 124 ಅಡಿಗೂ ಮಿಕ್ಕಿದ ನೀರಿನ ಮಟ್ಟವನ್ನು ಹೊರುವಂತೆ ಬೆಳೆದು 1930ರ ದಶಕದ ಆದಿಯಲ್ಲಿ ಪೂರ್ಣವಾಯಿತು. ಅದರ ಒಡಲಿನಲ್ಲಿ ಸುಮಾರು 4,945 ಕೋಟಿ ಘನ ಅಡಿ ನೀರು ನಿಲ್ಲುತ್ತದೆ.

ಮೊದಲ ಹಂತದ ಕೆಲಸವೂ ಸುಲಭದ್ದಾಗಿರಲಿಲ್ಲ. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಿಂದ ಕಲ್ಲುಗಳನ್ನು ಕಟ್ಟಿದರು. ಸಾವಿರಾರು ಕೂಲಿಕಾರರು ದುಡಿದರು; ನಡುವೆ ಪ್ರವಾಹವೂ ಬಂದಿತು; ರಾತ್ರಿ ದೀಪಗಳ ಬೆಳಕಿನಲ್ಲಿಯೂ ಕೆಲಸ ಸಾಗಿತು. ಗಣಿಗೆ ಹೆಚ್ಚಿನ ಶಕ್ತಿಯನ್ನು ಕೊಡುವೆವೆಂದು ಒಪ್ಪಿದ್ದ ಗಡುವು 1915ನೆಯ ಇಸವಿ. ಆ ಹೊತ್ತಿಗೆ ಬೇಕಾದ ಎತ್ತರಕ್ಕೆ ಕಟ್ಟೆ ಏರಿತು. ಪುಣೆಯಲ್ಲಿ ಹುಟ್ಟಿದ ತಾನಾಗಿ ತೆರೆಯುವ ಬಾಗಿಲುಗಳನ್ನು ಕನ್ನಂಬಾಡಿಯ ಕಟ್ಟೆಯಲ್ಲಿಯೂ ಕೂಡಿಸಲಾಯಿತು.

ಈ ಕೀರ್ತಿಯ ಜೊತೆಗೆ ಇದರ ಬೆಲೆಯನ್ನೂ ಹೇಳದಿದ್ದರೆ ಚರಿತ್ರೆ ಅಪೂರ್ಣವಾದೀತು. ಹಳೆಯ ಕನ್ನಂಬಾಡಿಯೂ ಹಲವು ಹಳ್ಳಿಗಳೂ ಹೊಲಗದ್ದೆಗಳೂ ನೀರಿನಲ್ಲಿ ಮುಳುಗಿದವು. ಅಲ್ಲಿನ ಜನ ಹುಟ್ಟೂರನ್ನು ಬಿಟ್ಟು ಬೇರೆಡೆ ಒಲೆ ಹೂಡಿದರು. ಗಣಿಯ ಯಂತ್ರಗಳು ನಿಲ್ಲದಿರಲೆಂದು, ಮಂಡ್ಯದ ಗದ್ದೆ ಹಸಿರಾಗಲೆಂದು ಅವರು ತೆತ್ತ ಬೆಲೆ ಸಣ್ಣದಲ್ಲ. ಕಾಪಿಟ್ಟ ಶಕ್ತಿ ಎಂದೂ ಪುಕ್ಕಟೆಯಾಗಿ ಬರುವುದಿಲ್ಲ. ಆ ಬೆಲೆಯನ್ನು ತೆತ್ತವರಿಗೆ ನಾವು ಋಣಿಗಳು. ಅಂಥ ಶಕ್ತಿಯನ್ನು ಪೋಲು ಮಾಡುವ ಹಕ್ಕು ನಮಗಿಲ್ಲ.

1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಇವೆಲ್ಲ ಆ ವರ್ಷಗಳಲ್ಲಿ ಹುಟ್ಟಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಅವರ ಶ್ರಮದಿಂದ ನೆಲೆಗೊಂಡಿತು. 1955ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. ನೂರು ವರ್ಷಗಳ ತುಂಬುಬಾಳನ್ನು ಬಾಳಿ, 1962ರ ಏಪ್ರಿಲಿನಲ್ಲಿ ಅವರು ಕಾಲವಶರಾದರು. ಕೋಲಾರದ ಚಿನ್ನದ ಗಣಿಯೂ 2001ರಲ್ಲಿ ಮುಚ್ಚಿತು. ಆದರೆ ಕಟ್ಟೆ ನಿಂತಿದೆ. ಕಟ್ಟೆಯ ಹಿಂದಿನ ವಿವೇಕವೂ ನಿಂತಿದೆ.

ಆ ವಿವೇಕ ಗೋದಾವರಿಯ ಸೀಮೆಗೂ ಹೊರತಲ್ಲ. ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ಗೋದಾವರಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೆ ಬಂದಾಗ ಜಾಯಕವಾಡಿಯ ಅಣೆಕಟ್ಟು ಅವಳನ್ನು ತಡೆಯುತ್ತದೆ. 1965ರಿಂದ 1976ರವರೆಗೆ ಕಟ್ಟಿದ ಆ ಅಣೆಕಟ್ಟಿನ ಬುಡದಲ್ಲಿ 12 ಮೆಗಾವಾಟಿನ ಒಂದು ವಿಶೇಷ ಯಂತ್ರವನ್ನು ನಿಲ್ಲಿಸಿದರು. ಬೇಡಿಕೆ ಹೆಚ್ಚಿದಾಗ ನೀರನ್ನು ಕೆಳಕ್ಕೆ ಬಿಟ್ಟು ವಿದ್ಯುತ್ತನ್ನು ಪಡೆಯುವುದು, ಬೇಡಿಕೆ ತಗ್ಗಿದಾಗ ಅದೇ ನೀರನ್ನು ಮತ್ತೆ ಮೇಲಕ್ಕೆತ್ತಿ ಇಡುವುದು ಇದರ ಕ್ರಮ. ಇದು ನೀರಿನ ಬ್ಯಾಟರಿ.

ಇನ್ನು ಕಚೇರಿಯ ಕಂಪ್ಯೂಟರಿನ ಬಳಿ ಕುಳಿತಿರುವ ಚಿಕ್ಕ ಬ್ಯಾಟರಿಯ ಪೆಟ್ಟಿಗೆಗೆ, ಎಂದರೆ ಯು.ಪಿ.ಎಸ್.ಗೆ ಬರೋಣ. ಕನ್ನಂಬಾಡಿಯ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು.

ಮೊದಲನೆಯದು, ಯಾವುದು ನಿಲ್ಲಬಾರದು? ಲೆಕ್ಕ ಇಡುವ ಕಂಪ್ಯೂಟರು ನಿಲ್ಲಬಾರದು. ಫ್ಯಾನು ನಿಂತರೆ ಬೆವರು ಬಂದೀತು, ಅಷ್ಟೆ. ಲೇಸರ್ ಪ್ರಿಂಟರು ಕೆಲವು ಕ್ಷಣ ಬಹಳ ವಿದ್ಯುತ್ತನ್ನು ಸೆಳೆಯುವುದರಿಂದ ಅದನ್ನು ಯು.ಪಿ.ಎಸ್.ಗೆ ಜೋಡಿಸಬಾರದು.

ಎರಡನೆಯದು, ಹೊರೆ ಎಷ್ಟು? ಪರದೆಯೂ ಸೇರಿ ಒಂದು ಕಂಪ್ಯೂಟರಿಗೆ 150 ವಾಟ್ ಎಂದಿಟ್ಟುಕೊಂಡರೆ ಹತ್ತಕ್ಕೆ 1,500 ವಾಟ್. ಯು.ಪಿ.ಎಸ್.ನ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ವಾಟ್ ಅಲ್ಲ, ವೋಲ್ಟ್-ಆಂಪಿಯರ್. ಪವರ್ ಫ್ಯಾಕ್ಟರ್ 0.8 ಇದ್ದರೆ 1,500ನ್ನು 0.8ರಿಂದ ಭಾಗಿಸಬೇಕು, 1,875 ಆಗುತ್ತದೆ. ಇದಕ್ಕೆ ಕಾಲುಭಾಗವನ್ನು ಕೂಡಿಸಿದರೆ ಸುಮಾರು 2,344. ಆದ್ದರಿಂದ 3,000 ವೋಲ್ಟ್-ಆಂಪಿಯರಿನ ಯು.ಪಿ.ಎಸ್. ತಕ್ಕುದು. ಮುಂದೆ ಸೇರುವ ಕಂಪ್ಯೂಟರಿಗೂ ಸ್ಥಳವಿರಬೇಕು. ಅಗಲವಾದ ತಳಪಾಯದ ಪಾಠ ಇದೇ.

ಮೂರನೆಯದು, ಎಷ್ಟು ಹೊತ್ತು? ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಕಾಲು ಗಂಟೆ ಸಾಕು. 1,500 ವಾಟಿಗೆ ಕಾಲು ಗಂಟೆಗೆ 375 ವಾಟ್-ಗಂಟೆ ಬೇಕು. 12 ವೋಲ್ಟಿನ 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಹೆಸರಿಗೆ 84 ವಾಟ್-ಗಂಟೆ ಇದೆ. ಐದು ಸಾಕೆಂದು ತೋರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಬೇಗಬೇಗನೆ ಬರಿದುಮಾಡಿದರೆ ಅದು ಹೆಸರಿಗಿರುವಷ್ಟನ್ನು ಕೊಡದು. ಎಂಟು ಹತ್ತು ಬ್ಯಾಟರಿಗಳನ್ನೇ ಎಣಿಸಬೇಕು. ಕೆಲಸವೇ ಗಂಟೆಗಟ್ಟಲೆ ಸಾಗಬೇಕಾದರೆ ಜನರೇಟರು ಬೇಕು. ಅದು ಹೊರಟು ನಿಲುಗಡೆಗೆ ಬರುವ ತನಕದ ಅಂತರವನ್ನು ಯು.ಪಿ.ಎಸ್. ತುಂಬುತ್ತದೆ.

ನಾಲ್ಕನೆಯದು, ತಾನಾಗಿ ಒದಗುವುದೇ? ಮನೆಯ ಇನ್ವರ್ಟರು ದೀಪಕ್ಕೆ ಸಾಕು. ಆದರೆ ಅದು ಬದಲಾಯಿಸಿಕೊಳ್ಳುವಷ್ಟರಲ್ಲಿ ಕಂಪ್ಯೂಟರು ನಿಂತುಹೋಗಬಹುದು. ಯು.ಪಿ.ಎಸ್.ಗಳಲ್ಲಿ ಮೂರು ಬಗೆ. ಆಫ್‌ಲೈನ್ ಬಗೆಯದು ವಿದ್ಯುತ್ತು ತಪ್ಪಿದ ಮೇಲೆ ಕೆಲವು ಮಿಲಿಸೆಕೆಂಡುಗಳಲ್ಲಿ ಬ್ಯಾಟರಿಗೆ ಹೊರಳುತ್ತದೆ. ಲೈನ್-ಇಂಟರಾಕ್ಟಿವ್ ಬಗೆಯದು ವೋಲ್ಟೇಜಿನ ಏರಿಳಿತವನ್ನೂ ತಿದ್ದುತ್ತದೆ. ಆನ್‌ಲೈನ್ ಬಗೆಯದು ಎಲ್ಲ ಹೊತ್ತಿನಲ್ಲಿಯೂ ತಾನೇ ಹೊಸದಾಗಿ ಮಾಡಿದ ವಿದ್ಯುತ್ತನ್ನು ಕೊಡುವುದರಿಂದ ನಡುವೆ ಎಳ್ಳಷ್ಟೂ ಬಿಡುವಿಲ್ಲ, ಬೆಲೆ ಹೆಚ್ಚು. ಒಂದೆರಡು ಕಂಪ್ಯೂಟರಿಗೆ ಎರಡನೆಯದು ಸಾಕು. ಎಲ್ಲರ ಲೆಕ್ಕವನ್ನು ಹೊತ್ತ ಸರ್ವರಿಗೆ ಮೂರನೆಯದೇ ಬೇಕು.

ಐದನೆಯದು, ಅತಿಯಿಂದ ಕಾಯುವುದೇ? ಮಳೆಗಾಲದ ಸಿಡಿಲಿನಿಂದ ತಂತಿಯಲ್ಲಿ ವೋಲ್ಟೇಜು ಮೂಸಿಯಂತೆ ಉಕ್ಕುವುದುಂಟು. ಉಕ್ಕನ್ನು ತಡೆಯುವ ರಕ್ಷಣೆಯೂ ಸರಿಯಾದ ಅರ್ಥಿಂಗೂ ಇರಲೇಬೇಕು.

ಕೊನೆಯದು, ನೋಡಿಕೊಳ್ಳುವವರು ಯಾರು? ಸೀಸದ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. 25 ಡಿಗ್ರಿಯ ಮೇಲೆ ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಂಭಾಜಿನಗರದ ಬೇಸಗೆಯಲ್ಲಿ ಅದನ್ನು ಗಾಳಿಯಾಡದ ಮೂಲೆಯಲ್ಲಿ ತುರುಕಬಾರದು. ತಿಂಗಳಿಗೊಮ್ಮೆ ಎಲ್ಲವನ್ನೂ ಉಳಿಸಿಕೊಂಡು, ಮುಖ್ಯ ಸ್ವಿಚ್ಚನ್ನು ಆರಿಸಿ, ಎಷ್ಟು ನಿಮಿಷ ನಡೆಯುತ್ತದೆಂದು ಬರೆದಿಡಬೇಕು. ಮುದಿಯಾದ ಬ್ಯಾಟರಿಯನ್ನು ತಿಪ್ಪೆಗೆ ಎಸೆದರೆ ಸೀಸವು ನೆಲವನ್ನೂ ನೀರನ್ನೂ ಕೆಡಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆಯುವ ವ್ಯವಸ್ಥೆಗೆ ಒಪ್ಪಿಸಬೇಕು. ನಮ್ಮ ಮೀಸಲಿನ ಬೆಲೆಯನ್ನು ನೆರೆಯವರ ಮೇಲೆ ಹೊರಿಸಬಾರದು.

ವಿದ್ಯಾರ್ಥಿ ಮಿತ್ರರೇ, ನೀವು ನಾಳೆ ಯಾವುದಾದರೊಂದು ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಶಾಲೆಯಲ್ಲಿ ಇಂಥ ಆಯ್ಕೆಯನ್ನು ಮಾಡುವವರಾಗುತ್ತೀರಿ. ಆಗ ಅಗ್ಗದ ಬೆಲೆಯನ್ನು ಮಾತ್ರ ನೋಡದೆ, ವರ್ಷದ ಅತ್ಯಂತ ಕೆಟ್ಟ ದಿನವನ್ನು ಮನಸ್ಸಿನಲ್ಲಿಟ್ಟು ಲೆಕ್ಕ ಹಾಕಿರಿ. ವಿಶ್ವೇಶ್ವರಯ್ಯನವರು ತುಂಬಿದ ಹೊಳೆಯನ್ನು ಕಂಡು ಮೈಮರೆಯಲಿಲ್ಲ. ಬತ್ತಿದ ಹೊಳೆಯನ್ನು ನೆನೆದು ಕಟ್ಟೆಯನ್ನು ಕಟ್ಟಿದರು. ವಿದ್ಯೆಯೂ ಹಾಗೆಯೇ ಕಾಪಿಟ್ಟ ಶಕ್ತಿ. ಬಿಡುವಿರುವ ಈ ದಿನಗಳಲ್ಲಿ ಅದನ್ನು ತುಂಬಿಕೊಳ್ಳಿರಿ. ಕಷ್ಟದ ದಿನದಲ್ಲಿ ಅದು ತಾನಾಗಿ ನಿಮಗೆ ಒದಗಲೆಂದು ಹಾರೈಸುತ್ತೇವೆ.